ಎತ್ತಬಾರದ ಮಾಮಿಗೆ ಒಂದು ಹಡಗು

ಹಡಗಿನ ಟಿಕೆಟ್ಟು ಮಾರುವವರು ಫೋನಿನಲ್ಲಿ ನಕ್ಕರೆ ನನಗೆ ಅನುಮಾನ ಬರುತ್ತದೆ. ನಗದೇ ಮಾತಾಡಿದರೆ ಇನ್ನೂ ಜಾಸ್ತಿ ಬರುತ್ತದೆ. ಮಿಮಿಕ್ರಿ ಮಾಡಿಕೊಂಡು ಬೆಳೆದವನ ಕಿವಿ ಹಾಗೇ ಕೆಟ್ಟಿರುತ್ತದೆ. ಎದುರಿಗಿದ್ದವರು ಏನು ಹೇಳಿದರು ಅನ್ನುವುದು ಆಮೇಲೆ, ಹೇಗೆ ಹೇಳಿದರು ಅನ್ನುವುದು ಮೊದಲು. "ಏನೂ ತೊಂದರೆ ಇಲ್ಲ" ಅನ್ನುವಾಗ ಕೊನೆಯ "ಇಲ್ಲ" ಸ್ವಲ್ಪ ಬೇಗ ಮುಗಿದುಹೋಯಿತೆಂದರೆ ಅಲ್ಲಿ ಏನೋ ಇದೆ ಅಂತಲೇ ಲೆಕ್ಕ.

ಆ ದಿನ ಬೆಸೆಂಟ್ ನಗರದ ನಮ್ಮ ಟ್ರಾವೆಲ್ ಆಫೀಸಿಗೆ ಮೆಟ್ಟಿಲು ಹತ್ತಿ ಬಂದ ಮಾಮ, ಕುರ್ಚಿಯಲ್ಲಿ ಕೂರುವ ಮೊದಲೇ ಎರಡು ಸಲ "ಏನೂ ತೊಂದರೆ ಇಲ್ಲ" ಅಂದರು. ನಾನು ಇನ್ನೂ ಏನೂ ಕೇಳಿರಲಿಲ್ಲ. ಸರ್ಕಾರದ ಕಟ್ಟಡ ಇಲಾಖೆಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. ತಾತನ ಕಾಲದಿಂದ ಮದರಾಸಿನಲ್ಲೇ ಇರುವ ಮಾಧ್ವರ ಮನೆ. ಕೂತರು, ಕೂರುವಾಗ ಒಂದು ಕೈ ಸೊಂಟಕ್ಕೆ ಹೋಯಿತು, ಹೋದದ್ದನ್ನು ನಾನು ನೋಡಿದೆ ಅಂತ ಗೊತ್ತಾದ ಕೂಡಲೇ ಅದೇ ಕೈ ಜೇಬಿಗೆ ಹೋಗಿ ಕರವಸ್ತ್ರ ಹುಡುಕುವ ನಾಟಕ ಆಡಿತು.

"ನನಗೂ ಮಾಮಿಗೂ ಒಂದು ಕ್ರೂಸ್ ಬೇಕಪ್ಪಾ. ಚೆನ್ನೈಯಿಂದಲೇ ಹೊರಡೋದು. ವಿಮಾನ ಹತ್ತೋ ಕಥೆ ಬೇಡ."

"ಮಾಮಿ ಬಂದಿಲ್ವಾ?"

"ಕೆಳಗೆ ಕಾರಲ್ಲಿ ಇದಾಳೆ. ನಿಮ್ಮಲ್ಲಿ ಲಿಫ್ಟ್ ಇಲ್ವಲ್ಲ."

ನಾನು ಮಾಮನ ಜೊತೆ ಕೆಳಗಿಳಿದು ಹೋದೆ. ಮುಂದಿನ ಸೀಟಿನಲ್ಲಿ ಮಾಮಿ. ಪಾರ್ಶ್ವವಾಯು ಬಂದು ಒಂದು ಪಕ್ಕ ಸೋತಿದೆ ಅಂತ ಮಾಮ ಮೆಟ್ಟಿಲ ಮೇಲೆಯೇ ಪಿಸುಗುಟ್ಟಿದ್ದರು. ಮುಖದಲ್ಲಿ ಮಾತ್ರ ಸೋತದ್ದು ಏನೂ ಕಾಣಲಿಲ್ಲ.

"ಮುದುಕರಿಗೆ ಟೂರು ಮಾರೋರು ಮಹಡಿ ಮೇಲೆ ಅಂಗಡಿ ಇಟ್ಟಿದೀರಲ್ಲ, ಯಾರ ಬುದ್ಧಿನೋ ಇದು?"

"ಹತ್ತಿ ಬಂದೋರಿಗೆ ಮಾತ್ರ ಟಿಕೆಟ್ಟು ಮಾಮಿ. ಮೆಟ್ಟಿಲೇ ನಮ್ಮ ಪ್ರವೇಶ ಪರೀಕ್ಷೆ."

"ಹಾಗಾದ್ರೆ ನಾನು ಫೇಲು. ಫೇಲಾದೋಳ ಮಾತು ಕೇಳು. ಹಡಗು ಎಲ್ಲಿಗಾದ್ರೂ ಹೋಗ್ಲಿ. ಸಿಲೋನಿಗೆ ಹೋಗ್ಲಿ, ಸುಮ್ನೆ ಒಂದು ಸುತ್ತು ಹಾಕಿ ಇಲ್ಲೇ ಪಕ್ಕದ ಎಣ್ಣೂರಿಗೇ ವಾಪಸ್ ಬರ್ಲಿ. ನನಗೆ ಒಂದೇ ಬೇಕಾದ್ದು. ನನ್ನನ್ನ ಯಾರೂ ಎತ್ತಬಾರದು. ಬಚ್ಚಲಿಗೆ ನಾನೇ ಹೋಗ್ಬೇಕು, ನಾನೇ ಬರ್ಬೇಕು. ಆಗತ್ತೆ ಅಂದ್ರೆ ಬರ್ತೀನಿ. ಆಗಲ್ಲ ಅಂದ್ರೆ ಮನೇಲಿ ಇರ್ತೀನಿ, ಇವರು ಬೇಕಾದ್ರೆ ಕಾಸಿಮೇಡಿಗೆ ಹೋಗಿ ದೋಣಿ ನೋಡ್ಕೊಂಡು ಬರ್ಲಿ."

ಆಮೇಲೆ ಕಾರಣವನ್ನೂ ಹೇಳಿದರು. ಅಣ್ಣನ ಮೊಮ್ಮಗಳ ಮದುವೆಯಲ್ಲಿ ಛತ್ರದ ಮೆಟ್ಟಿಲ ಹತ್ತಿರ ನಾಲ್ಕು ಜನ ಹುಡುಗರು ಹೇಳದೆ ಕೇಳದೆ ಕುರ್ಚಿ ಸಮೇತ ಎತ್ತಿಬಿಟ್ಟರು. "ಉತ್ಸವಮೂರ್ತಿ ಥರ ಹೊತ್ಕೊಂಡು ಹೋದರು ಕಣೋ. ದೇವರಿಗಾದ್ರೆ ಅಲಂಕಾರ ಸರಿ ಮಾಡಿ ಎತ್ತುತಾರೆ. ನನ್ನ ಸೀರೆ ಎಲ್ಲೋ, ನಾನು ಎಲ್ಲೋ. ಅದನ್ನ ಯಾವನೋ ವಿಡಿಯೋ ಮಾಡಿ, ನಾದಸ್ವರ ಸೇರಿಸಿ, ಫ್ಯಾಮಿಲಿ ಗ್ರೂಪಿಗೆ ಹಾಕಿದ. ಅವತ್ತಿಂದ ನಾನು ಯಾರ ಮನೆಗೂ ಹೋಗಿಲ್ಲ." ಗಂಡ ದೂರದಲ್ಲಿದ್ದಾರೆಂದು ಖಾತ್ರಿ ಮಾಡಿಕೊಂಡು ದನಿ ಇಳಿಸಿದರು. "ಇನ್ನೊಂದು. ಇವರ ಸೊಂಟ ಹೋಗಿದೆ. ನನ್ನ ಎತ್ತೀ ಎತ್ತೀ. ಕೇಳಿದ್ರೆ ಏನೂ ತೊಂದರೆ ಇಲ್ಲ ಅಂತಾರೆ. ಮನೇಲಿ ಬಚ್ಚಲು ಒಡೆಸಿ, ಹಿಡ್ಕೊಂಡು ಏಳೋಕೆ ಗೋಡೆಗೆ ಹಿಡಿ ಹಾಕಿಸಿದೀವಿ, ಅಲ್ಲಿ ನಾನು ರಾಣಿ. ಹೊಸಿಲು ದಾಟಿದ್ರೆ ಮೂಟೆ."

ನಾನು ಮೇಲೆ ಹೋಗಿ ನಮ್ಮ ಮೇಡಂಗೆ ಹೇಳಿದೆ. ಮೇಡಂ ತಮಿಳರು, ಆಫೀಸು ಅವರದ್ದು, ಮಾತು ಕಮ್ಮಿ. "ಎಲ್ಲಾ ಕಂಪನಿಯೂ ಆಕ್ಸೆಸಿಬಲ್ ರೂಮ್ ಇದೆ ಅಂತ ಹಾಕಿರುತ್ತೆ, ತಂಬಿ. ಒಂದು ಬುಕ್ ಮಾಡಿ ಮುಗಿಸು" ಅಂದರು. ಆಕ್ಸೆಸಿಬಲ್ ಅನ್ನುವ ಆ ಮಾತು ನನಗೆ ಮದುವೆ ಬ್ರೋಕರು ಹೇಳುವ "ಒಳ್ಳೇ ಮನೆತನ" ಇದ್ದ ಹಾಗೆ ಕೇಳಿಸುತ್ತದೆ. ಹೋಗಿ ನೋಡುವತನಕ ಅದಕ್ಕೆ ಅರ್ಥವಿಲ್ಲ.

ಮೊದಲು ಅವರ ಮನೆಗೆ ಹೋಗಿ ಅಳತೆ ತೆಗೆದೆ. ಗಾಲಿಕುರ್ಚಿಯ ಅಗಲ, ಕೈ ಹಾಕಿ ತಳ್ಳುವ ಬಳೆಯನ್ನೂ ಸೇರಿಸಿ. ಬಚ್ಚಲ ಬಾಗಿಲ ಅಗಲ. ಕಮೋಡಿನ ಎತ್ತರ. ಹಿಡಿ ಎಷ್ಟು ಎತ್ತರದಲ್ಲಿದೆ. ಮಾಮ ಎಂಜಿನಿಯರಲ್ಲವೇ, ಒಂದು ಹಿಡಿ ಸಾಕಾದ ಕಡೆ ಎರಡೂ ಪಕ್ಕ ಹಾಕಿಸಿದ್ದರು; ಸೇತುವೆಗೆ ಹಾಕುವ ಗಾತ್ರದ ಬೋಲ್ಟು. ಮಾಮಿ ಒಳಗೆ ಹೇಗೆ ತಿರುಗುತ್ತಾರೆ, ಎಲ್ಲಿ ಉಸಿರು ಹಿಡಿಯುತ್ತಾರೆ ಅನ್ನುವುದು ಟೇಪಿಗೆ ಸಿಗುವ ಸಂಗತಿಯಲ್ಲ. ಅದನ್ನು ನೋಡಿ ಕಲಿಯಬೇಕು. ಕಲಿಯುತ್ತಾ ನಿಂತಿದ್ದಾಗ ಮಾಮಿಯೇ ಕೇಳಿದರು.

"ಆಗಿನಿಂದ ಇವರನ್ನ ಅಣಕಿಸಿದೆ, ನಿಮ್ಮ ಮೇಡಂನ ಅಣಕಿಸಿದೆ, ಕೆಳಗಡೆ ವಾಚ್‌ಮ್ಯಾನನ್ನೂ ಬಿಡಲಿಲ್ಲ. ನನ್ನನ್ನ ಮಾಡು."

"ಬೇಡ ಮಾಮಿ, ಚೆನ್ನಾಗಿರಲ್ಲ."

"ಎಲ್ಲಾರನ್ನೂ ಮಾಡಿ ನನ್ನೊಬ್ಬಳನ್ನ ಬಿಟ್ರೆ ನಾನು ಸತ್ತೋದೆ ಅಂತ ಲೆಕ್ಕ. ಮಾಡೋ."

ಮಾಮನ ಮುಖ ಹುಳಿ ಮಜ್ಜಿಗೆ ಕುಡಿದ ಹಾಗಾಯಿತು. ನಾನು ಮಾಮಿಯ ಎದುರಿಗೆ ಹೋಗಿ ನಿಂತೆ. ಅವರು ವಾಕರ್ ಹಿಡಿದು ಒಂದು ಹೆಜ್ಜೆ ಇಟ್ಟರು, ನಾನೂ ಇಟ್ಟೆ. ಅವರು ಸೋತ ಕಾಲನ್ನು ಅರ್ಧವೃತ್ತ ಬರೆದು ತಂದರು, ನಾನೂ ತಂದೆ. ತುಟಿ ಕಚ್ಚಿ ಭುಜ ಏರಿಸಿ ತಿರುಗಿದರು, ನಾನೂ ತಿರುಗಿದೆ. ಮಾಮಿ ಬಿದ್ದೇಹೋಗುವಷ್ಟು ನಕ್ಕರು. "ಅಯ್ಯೋ ರಾಮಾ, ಕನ್ನಡಿ ನೋಡ್ಕೊಂಡ ಹಾಗೇ ಇದೆ." ನಾನು ಹಿಗ್ಗಿದೆ. ಕಲಾವಿದನನ್ನು ಹಾಳು ಮಾಡುವುದೇ ಇಂಥ ಸರ್ಟಿಫಿಕೇಟು.

ಆ ಸೀಸನ್ನಿನಲ್ಲಿ ಚೆನ್ನೈ ಬಂದರಿನಿಂದ ಶ್ರೀಲಂಕಾ ಕಡೆಗೆ ಎರಡು ಹಡಗು ಹೊರಡುತ್ತಿದ್ದವು. ಒಂದು ದೊಡ್ಡದು, ಹೊಸದು, ಒಳಗೆ ಜಾರುಬಂಡಿ, ಜಲಪಾತ, ಏನುಂಟು ಏನಿಲ್ಲ. ಇನ್ನೊಂದು ಸ್ವಲ್ಪ ಹಳೆಯದು, ಚಿಕ್ಕದು, ಹೊಟ್ಟೆಯ ಹತ್ತಿರ ಬಣ್ಣ ಮಾಸಿದ್ದು. ಮಾಮನಿಗೆ ದೊಡ್ಡದರ ಮೇಲೆ ಕಣ್ಣು. ಹೋಗುವ ಊರುಗಳ ಪಟ್ಟಿಯನ್ನು ಅವರ ಊಟದ ಮೇಜಿನ ಮೇಲೆ ಹರಡಿದೆ. ಒಂದು ಊರಿನ ಮುಂದೆ ಸಣ್ಣ ಅಕ್ಷರದಲ್ಲಿ "ಟೆಂಡರ್" ಅಂತ ಇತ್ತು.

"ಪರವಾಗಿಲ್ವೇ, ಟೆಂಡರ್ ಕೋಕೊನಟ್ಟು, ಎಳನೀರು ಕೊಡ್ತಾರೆ" ಅಂದರು ಮಾಮಿ.

"ಎಳನೀರಲ್ಲ ಕಣೆ, ಗುತ್ತಿಗೆ" ಅಂದರು ಮಾಮ, ಕನ್ನಡಕ ಏರಿಸಿ. "ಅಲ್ಲಿ ಜೆಟ್ಟಿ ಇನ್ನೂ ಕಟ್ಟಿಲ್ಲ. ಟೆಂಡರ್ ಕರೆದಿದಾರೆ ಅಂತ ಅರ್ಥ. ಇಲಾಖೆಯಲ್ಲಿ ಎಷ್ಟು ನೋಡಿಲ್ಲ ನಾನು."

"ಕಟ್ಟೋಕೆ ಮುಂಚೆನೇ ಹಡಗು ಕಳಿಸ್ತಾರಾ?"

"ನಮ್ಮಲ್ಲಿ ರಸ್ತೆ ಹಾಕೋಕೆ ಮುಂಚೆ ಬಸ್ಸು ಕಳಿಸಲಿಲ್ವಾ?"

ನಾನು ಇಬ್ಬರನ್ನೂ ಮನಸ್ಸಿನಲ್ಲೇ ರೆಕಾರ್ಡು ಮಾಡಿಕೊಂಡು ನಕ್ಕೆ. ಆದರೆ ಆ ಪದದ ಮೇಲೆ ಬೆರಳು ನಿಂತುಬಿಟ್ಟಿತು. ಹಡಗಿನವರಿಗೆ ಎಳನೀರಿನ ಮೇಲೆ ಅಷ್ಟು ಪ್ರೀತಿ ಇರಲಾರದು. ಅಲ್ಲೇ ಕೂತು ಆ ಕಂಪನಿಯವನಿಗೆ ಫೋನ್ ಮಾಡಿ, ಸ್ಪೀಕರಿನಲ್ಲಿ ಇಟ್ಟೆ. ಆತ ವಿವರಿಸಿದ: ಆ ಊರಿನಲ್ಲಿ ಹಡಗು ದಡಕ್ಕೆ ತಾಗುವುದಿಲ್ಲ, ಕಡಲಲ್ಲೇ ಲಂಗರು ಹಾಕುತ್ತದೆ; ಪ್ರಯಾಣಿಕರನ್ನು ಸಣ್ಣ ದೋಣಿಗೆ ಇಳಿಸಿ ದಡಕ್ಕೆ ಒಯ್ಯುತ್ತಾರೆ; ಆ ದೋಣಿಗೇ ಟೆಂಡರ್ ಅಂತ ಹೆಸರು.

"ಗಾಲಿಕುರ್ಚಿಯಲ್ಲಿ ಇರೋರು?"

"ನೋ ಪ್ರಾಬ್ಲಂ ಸರ್. ನಮ್ಮ ಹುಡುಗರು ಎತ್ತಿ ಇಳಿಸಿಬಿಡ್ತಾರೆ. ತುಂಬಾ ಸ್ಟ್ರಾಂಗ್ ಹುಡುಗರು."

ಮಾಮಿ ಪಟ್ಟಿಯನ್ನು ಮಡಿಸಿ ನನ್ನ ಕಡೆ ತಳ್ಳಿದರು. ಮಾಮ ಕನ್ನಡಕ ಇಳಿಸಿ, "ಜೆಟ್ಟಿ ಇಲ್ಲ ಅಂತ ನಾನು ಹೇಳಿದ್ದು ಸರಿಯಾಗೇ ಇತ್ತಲ್ಲ" ಅಂದರು.

ಉಳಿದದ್ದು ಚಿಕ್ಕ ಹಡಗು. ಅದು ಹೋಗುವ ಕಡೆಯೆಲ್ಲ ದಡಕ್ಕೇ ಕಟ್ಟುತ್ತದೆ ಅಂತ ಎರಡು ಕಡೆ ವಿಚಾರಿಸಿ ಖಚಿತ ಮಾಡಿಕೊಂಡೆ. ಅದರ ಮಾರಾಟದವನು ನನ್ನದೇ ವಯಸ್ಸಿನವನು, ಎಲ್ಲರಿಗೂ ಬ್ರೋ. ಅವನಿಗೊಂದು ಪಲ್ಲವಿ ಇತ್ತು: "ಎಲ್ಲಾಂ ಒಣ್ಣುದಾನ್ ಬ್ರೋ." ಎಲ್ಲಾ ಒಂದೇ. ಯಾವ ಡೆಕ್ಕು ಒಳ್ಳೆಯದು ಅಂದರೆ ಎಲ್ಲಾ ಒಂದೇ. ಯಾವ ರೂಮು ಅಂದರೆ ಎಲ್ಲಾ ಒಂದೇ. ಅದ್ವೈತಿ. ಮಾಧ್ವರ ಮನೆಗೆ ಹಡಗು ಹುಡುಕಲು ಹೋದವನಿಗೆ ಸಿಕ್ಕವನು ಇವನು.

"ಫೋಟೋ ಕಳಿಸಿದೀನಲ್ಲ ಬ್ರೋ."

ಫೋಟೋದಲ್ಲಿ ಬಚ್ಚಲು ಕಲ್ಯಾಣಮಂಟಪದಷ್ಟು ದೊಡ್ಡದಾಗಿತ್ತು. ಅಗಲದ ಲೆನ್ಸಿನಲ್ಲಿ ತೆಗೆದರೆ ನಮ್ಮ ಆಫೀಸೂ ಏರ್‌ಪೋರ್ಟ್ ಥರ ಕಾಣುತ್ತದೆ. ನಾನು ಒಪ್ಪಲಿಲ್ಲ. ಹಡಗು ಬಂದರಿಗೆ ಬಂದ ದಿನ ಏಜೆಂಟರಿಗೆ ಒಳಗೆ ತೋರಿಸುವ ಏರ್ಪಾಡಿರುತ್ತದೆ. ಅದಕ್ಕೆ ಪಾಸು ಮಾಡಿಸಿದೆ. ಮೇಡಂ ಕೇಳಿದರು, "ಡೇಯ್, ನೀನು ರೂಮ್ ಬುಕ್ ಮಾಡ್ತಿದೀಯಾ, ಹೆಣ್ಣು ನೋಡ್ತಿದೀಯಾ?"

"ಹೆಣ್ಣಾದ್ರೆ ಕೇಸರಿಬಾತಾದ್ರೂ ಸಿಗುತ್ತೆ ಮೇಡಂ."

ಮಾಮಿಯ ಗಾಲಿಕುರ್ಚಿಯನ್ನೇ ಕೇಳಿ ತೆಗೆದುಕೊಂಡು ಹೋದೆ. ಬಂದರಿನ ಗೇಟಿನಲ್ಲಿ ಕಾವಲಿನವರು ಖಾಲಿ ಕುರ್ಚಿಯನ್ನೂ ನನ್ನನ್ನೂ ನೋಡಿದರು.

"ಪೇಷೆಂಟ್ ಎಲ್ಲಿ?"

"ನಾನೇ ಸರ್."

"ನಡ್ಕೊಂಡು ಬಂದೆಯಲ್ಲ?"

"ಒಳಗೆ ಹೋದಮೇಲೆ ಆಗ್ತೀನಿ."

ಕುರ್ಚಿಯ ದಿಂಬನ್ನು ಹಿಂಡಿ, ಕೊಳವೆಯೊಳಗೆ ಟಾರ್ಚು ಬಿಟ್ಟು, ನನ್ನ ಮೂತಿಯನ್ನು ಇನ್ನೊಂದು ಸಲ ನೋಡಿ ಬಿಟ್ಟರು. ನನಗೆ ಖುಷಿಯಾಯಿತು. ಈ ಊರಲ್ಲಿ ನನ್ನ ಹಾಗೆ ಅನುಮಾನಿಸುವವರು ಇನ್ನೂ ಇದ್ದಾರೆ.

ಉಳಿದ ಏಜೆಂಟರು ಊಟದ ಹಾಲಿನಲ್ಲಿ ಕೇಕು ತಿನ್ನುತ್ತಿದ್ದಾಗ, ಎಲ್ಲಾಂ ಒಣ್ಣುದಾನ್ ಬ್ರೋ ಮತ್ತು ಹಡಗಿನ ಕೋಣೆಗಳ ಮೇಲ್ವಿಚಾರಕಿ ಇಬ್ಬರೂ ನನ್ನನ್ನು ಒಂದು ಕೋಣೆಗೆ ಕರೆದುಕೊಂಡು ಹೋದರು. ಬಾಗಿಲಲ್ಲೇ ಹೂವು, ಟವೆಲಿನಲ್ಲಿ ಮಾಡಿದ ಆನೆ. "ಇದು ತೋರಿಸೋ ಕೋಣೆ. ಕೊಡೋ ಕೋಣೆ ಎಲ್ಲಿ?" ಅಂದೆ. ಅವರಿಬ್ಬರೂ ಮುಖ ಮುಖ ನೋಡಿಕೊಂಡರು. ನಮ್ಮ ಹೆಸರಿಗೆ ಹಿಡಿದಿಟ್ಟ ಕೋಣೆಗೇ ಹೋಗಬೇಕೆಂದು ಹಟ ಹಿಡಿದೆ. ಅದು ಹಡಗಿನ ಎಡಪಕ್ಕದಲ್ಲಿತ್ತು. ಅಪಾಯ ಬಂದಾಗ ಜನ ಸೇರಬೇಕಾದ ಜಾಗವೂ ಅದೇ ಡೆಕ್ಕಿನಲ್ಲಿ. ಅದು ಒಳ್ಳೆಯದು, ಬೆಂಕಿ ಬಿದ್ದರೆ ಲಿಫ್ಟು ನಿಲ್ಲಿಸುತ್ತಾರೆ. ಆಮೇಲೆ ಈ ವಿಷಯ ಹೇಳಿದಾಗ ಮಾಮಿ ಒಂದು ತಿದ್ದುಪಡಿ ತಂದರು: "ಬೆಂಕಿ ಬಿದ್ರೆ ಎತ್ತಲಿ. ಅಷ್ಟು ಮೊಂಡು ಅಲ್ಲ ನಾನು."

ಕುರ್ಚಿಯಲ್ಲಿ ಕೂತು ಕೋಣೆಯ ಬಾಗಿಲು ದಾಟಿದೆ. ಎರಡು ಪಕ್ಕವೂ ಬೆರಳಾಡುವಷ್ಟು ಜಾಗ. ಮಂಚ ಮತ್ತು ಗೋಡೆಯ ನಡುವೆ ಪೂರ್ತಿ ತಿರುಗಿದೆ. ಹಡಗಿನ ಬಚ್ಚಲಿಗೆ ನೀರು ಹೊರಗೆ ಬರದ ಹಾಗೆ ಎತ್ತರದ ಹೊಸಿಲಿರುತ್ತದೆ, ಮೊಣಕಾಲು ಬಗ್ಗದವರಿಗೆ ಅದೇ ಯಮ. ಇಲ್ಲಿ ಹೊಸಿಲಿನ ಎರಡೂ ಕಡೆ ಇಳಿಜಾರು ಹಲಗೆ ಹಾಕಿದ್ದರು. ಅಲ್ಲಾಡಿಸಿ ನೋಡಿದೆ, ಸ್ಕ್ರೂ ಹಾಕಿ ಬಿಗಿದಿದ್ದರು, ನನಗೋಸ್ಕರ ಬೆಳಿಗ್ಗೆ ತಂದಿಟ್ಟದ್ದಲ್ಲ. ಸ್ನಾನಕ್ಕೆ ಮಡಿಸುವ ಆಸನ, ಅದರ ಮೇಲೆ ನನ್ನ ಪೂರ್ತಿ ಭಾರ ಬಿಟ್ಟು ಕುಣಿದೆ. ಕೂತವರ ಕೈಗೆ ಸಿಗುವ ಹಾಗೆ ಶವರು. ಬಿದ್ದವರು ಎಳೆದು ಸಹಾಯ ಕರೆಯಲು ಒಂದು ದಾರ ನೆಲದತನಕ ಇಳಿಬಿಟ್ಟಿರಬೇಕು; ಇಲ್ಲಿ ಅದನ್ನು ಗುಡಿಸುವವರಿಗೆ ಅಡ್ಡಿ ಅಂತ ಮೇಲೆ ಸುತ್ತಿ ಗಂಟು ಹಾಕಿದ್ದರು. "ಬಿದ್ದೋರು ಎದ್ದು ನಿಂತು ಎಳೀಬೇಕಾ ಇದನ್ನ?" ಅಂದೆ. ಮೇಲ್ವಿಚಾರಕಿ ಕೆಂಪಾಗಿ ತಾನೇ ಬಿಚ್ಚಿದಳು.

ಕೊನೆಗೆ ಮುಖ್ಯ ಪರೀಕ್ಷೆ. ನಾನು ಮಾಮಿಯಾದೆ. ಸೋತ ಕೈ ತೊಡೆಯ ಮೇಲೆ, ಸೋತ ಕಾಲು ಮರದ ಹಾಗೆ. ಇಲ್ಲದ ವಾಕರನ್ನು ಬಿಟ್ಟು, ತುಟಿ ಕಚ್ಚಿ, ಭುಜ ಏರಿಸಿ, ತಿರುಗಿ, ಕಮೋಡಿನ ಮೇಲೆ ಇಳಿದೆ. ಪಕ್ಕದ ಗೋಡೆಯ ಹಿಡಿ ನನ್ನ ಒಳ್ಳೆಯ ಕೈಗೆ ತಾನಾಗಿ ಬಂದು ಕೂತಿತು. ಅದನ್ನೇ ನಂಬಿ ಎದ್ದೆ. ಮತ್ತೆ ಕೂತೆ, ಮತ್ತೆ ಎದ್ದೆ. ಹಳೆ ಹಡಗು, ಒಂದೇ ಹಿಡಿ, ಆದರೆ ಬೇಕಾದ ಕಡೆಯೇ ಇತ್ತು. ಎಲ್ಲಾಂ ಒಣ್ಣುದಾನ್ ಇದನ್ನೆಲ್ಲ ಮೊಬೈಲಿನಲ್ಲಿ ತೆಗೆಯುತ್ತಿದ್ದ. "ಬ್ರೋ, ನಿಮಗೆ ನಿಜವಾಗಲೂ ಏನಾದ್ರೂ ಇದೆಯಾ?" ಅಂತ ಕೇಳಿದ. ಅದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ಇನ್ನೂ ಬಂದಿಲ್ಲ.

ಅದೇ ಸಂಜೆ ಕುರ್ಚಿ ವಾಪಸು ಕೊಡಲು ಹೋದವನು ವರದಿಯನ್ನೂ ಒಪ್ಪಿಸಿದೆ. ಮಾಮಿ ಸೋಫಾದಲ್ಲಿದ್ದರು. ಅವರ ಪಕ್ಕಕ್ಕೇ ಗಾಲಿಕುರ್ಚಿ ಎಳೆದುಕೊಂಡು, ಅವರು ನೋಡುತ್ತಿದ್ದ ದಿಕ್ಕಿಗೇ ಮುಖ ಮಾಡಿ ಕೂತು ಆಡಿ ತೋರಿಸಿದೆ. "ಹೀಗೆ ತಿರುಗ್ತೀರಿ ಮಾಮಿ. ಹೀಗೆ ಇಳೀತೀರಿ. ಹಿಡಿ ಇಲ್ಲಿದೆ. ಹಿಡ್ಕೊಂಡ್ರಿ, ಎದ್ರಿ. ಮುಗೀತು. ಯಾರ ಅಪ್ಪನ ಸಹಾಯವೂ ಬೇಡ."

ಮಾಮಿ ನಗಲಿಲ್ಲ. "ಒಂದು ನಿಮಿಷ. ಯಾವ ಕೈಲಿ ಹಿಡಿದೆ?"

"ಎಡಗೈಲಿ. ನಿಮ್ಮ ಹಾಗೇ."

ಮಾಮಿ ತಮ್ಮ ಬಲಗೈಯಿಂದ ತೊಡೆಯ ಮೇಲಿದ್ದ ಎಡಗೈಯನ್ನು ಮಣಿಕಟ್ಟಿನ ಹತ್ತಿರ ಹಿಡಿದು ಮೇಲೆತ್ತಿದರು. ಆಮೇಲೆ ಬಿಟ್ಟರು. ಅದು ಒದ್ದೆ ಬಟ್ಟೆಯ ಹಾಗೆ ತೊಡೆಯ ಮೇಲೆ ಬಿತ್ತು.

"ಇದರಲ್ಲಾ?"

ನಾನು ನನ್ನ ಎರಡು ಕೈಯನ್ನೂ ನೋಡಿಕೊಂಡೆ. ಆಮೇಲೆ ನನಗೆ ಅರ್ಥವಾಯಿತು. ನಾನು ಮಾಮಿಯನ್ನು ಕಲಿತದ್ದು ಎದುರಿಗೆ ನಿಂತು. ಅವರ ಎಡಗಾಲು ನನ್ನ ಬಲಗಾಲಿಗೆ ಎದುರಾಗಿತ್ತು, ನಾನು ಬಲಗಾಲನ್ನೇ ಎಳೆದಿದ್ದೆ. ಅವರಿಗೂ ಅದು ಸರಿಯಾಗೇ ಕಂಡಿತ್ತು, ಕನ್ನಡಿಯಲ್ಲಿ ದಿನಾ ಕಾಣುವ ಹಾಗೆ. ಹಡಗಿನಲ್ಲಿ ನಾನು ಪರೀಕ್ಷೆ ಮಾಡಿಸಿದ್ದು ಮಾಮಿಯನ್ನಲ್ಲ, ಮಾಮಿಯ ಪ್ರತಿಬಿಂಬವನ್ನು. ಹೂವನ್ನು ಅನುಮಾನಿಸಿದೆ, ಹಲಗೆಯ ಸ್ಕ್ರೂ ಅನುಮಾನಿಸಿದೆ, ದಾರವನ್ನು ಅನುಮಾನಿಸಿದೆ. ನನ್ನ ಕಾಲು ಮಾತ್ರ ನಂಬಿಗಸ್ತ ಅಂದುಕೊಂಡಿದ್ದೆ. ಆ ಕೋಣೆಯಲ್ಲಿ ಮಾಮಿ ಕಮೋಡಿನ ಮೇಲೆ ಕೂತರೆ ಹಿಡಿ ಸತ್ತ ಕೈಯ ಪಕ್ಕಕ್ಕೆ ಬರುತ್ತದೆ. ಕೂರಬಹುದು, ಏಳಲಾಗುವುದಿಲ್ಲ. ಯಾರನ್ನಾದರೂ ಕರೆಯಬೇಕು. ಅವರು ಬಂದು ಎತ್ತಬೇಕು.

"ಹೋಗ್ಲಿ ಬಿಡು ಕಣೋ" ಅಂದರು ಮಾಮಿ. "ನನಗೆ ಅಷ್ಟು ಆಸೆಯೇನೂ ಇರಲಿಲ್ಲ." ಆ ಕೊನೆಯ "ಇರಲಿಲ್ಲ" ಬೇಗ ಮುಗಿದುಹೋಯಿತು.

ಮಾಮ ಎದ್ದು ಹೋಗಿ ಒಂದು ಟ್ರೇಸಿಂಗ್ ಕಾಗದ ತಂದರು. ನನ್ನಿಂದ ಅಳತೆ ಕೇಳಿ ಬಚ್ಚಲ ನಕ್ಷೆ ಬರೆದರು, ಕಾಗದವನ್ನು ಮಗುಚಿದರು. "ನೋಡು. ಕ್ವಾರ್ಟರ್ಸ್ ಕಟ್ಟುವಾಗ ನಾವು ಮಾಡೋದು ಇದೇ. ಒಂದು ಮನೆ ನಕ್ಷೆ ಬರೀತೀವಿ, ಪಕ್ಕದ್ದಕ್ಕೆ ಅದನ್ನೇ ಮಗುಚಿ ಹಾಕ್ತೀವಿ. ಹಡಗಿನ ಎಡಪಕ್ಕ ಹೀಗಿದ್ರೆ ಬಲಪಕ್ಕದ ಕೋಣೆ ಹೀಗಿರಬೇಕು. ಹಿಡಿ ಇವಳ ಬಲಗೈಗೆ ಬರತ್ತೆ."

ನಾನು ಎಲ್ಲಾಂ ಒಣ್ಣುದಾನ್‌ಗೆ ಫೋನ್ ಮಾಡಿದೆ. ಬಲಪಕ್ಕದಲ್ಲಿ ಅಂಥದೊಂದೇ ಕೋಣೆ ಇದೆ, ಅದು ಹೋಗಿದೆ ಅಂದ. ಯಾರಿಗೆ? ಹೊಸದಾಗಿ ಮದುವೆಯಾದ ಜೋಡಿಗೆ. ಅವರಿಗೇನು ಕಾಲಿಗೆ ತೊಂದರೆಯಾ? ಇಲ್ಲ ಬ್ರೋ, ಈ ಕೋಣೆಗಳು ದೊಡ್ಡದು, ಬಚ್ಚಲೂ ದೊಡ್ಡದು, ಅದಕ್ಕೇ ಕೇಳಿ ತಗೊಂಡಿದಾರೆ. ಬದಲಾಯಿಸೋಕೆ ಆಗಲ್ಲ, ಸಿಸ್ಟಂ ಒಪ್ಪಲ್ಲ. "ಯಾಕೆ ಬ್ರೋ ಟೆನ್ಷನ್? ಎಲ್ಲಾಂ ಒಣ್ಣುದಾನ್."

ಮಾರನೇ ದಿನ ಆಫೀಸಿನಲ್ಲಿ ವಿಷಯ ಹೇಳಿದಾಗ ಮೇಡಂ ಸ್ವಲ್ಪ ಹೊತ್ತು ಪೆನ್ನು ತಿರುಗಿಸಿದರು. ಆಮೇಲೆ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಅಂದರು, "ಅವನ ಮ್ಯಾನೇಜರ್ ದನಿ ನೀನು ಚೆನ್ನಾಗಿ ಮಾಡ್ತೀಯಲ್ಲ."

ನಿಜ. ಆ ಮ್ಯಾನೇಜರು ಒಂದು ವಾಕ್ಯದಲ್ಲಿ ಎರಡು ಸಲ ಗಂಟಲು ಕೆರೆಯುತ್ತಾರೆ, "ಇಮೀಡಿಯೆಟ್ಲಿ" ಅನ್ನುವಾಗ ಮೂಗಿನಿಂದ ಶುರುಮಾಡಿ ಹೊಟ್ಟೆಯಲ್ಲಿ ಮುಗಿಸುತ್ತಾರೆ. ಫೋನಿನಲ್ಲಿ ಅವರ ಹೆಂಡತಿಯೂ ಮೋಸಹೋಗುವ ಹಾಗೆ ನಾನು ಮಾಡಬಲ್ಲೆ. ಒಂದು ಸಲ ಗಂಟಲು ಕೆರೆದೂ ನೋಡಿದೆ. ಸೊಗಸಾಗಿ ಬಂತು. ನಂಬರು ಒತ್ತಲು ಬೆರಳು ಇಟ್ಟೆ.

ಇಟ್ಟವನು ತೆಗೆದೆ. ಒಳ್ಳೆಯತನದಿಂದಲ್ಲ, ಅನುಮಾನದಿಂದ. ಸುಳ್ಳು ದನಿಯಲ್ಲಿ ಬದಲಾದ ಕೋಣೆ ನಿಜವಾದ ದನಿ ಬಂದ ದಿನ ವಾಪಸು ಬದಲಾಗುತ್ತದೆ. ಅದು ಹೊರಡುವ ದಿನವೇ ಆದರೆ? ಮಾಮಿ ಬಚ್ಚಲ ಬಾಗಿಲು ತೆಗೆದು ಹಿಡಿ ಯಾವ ಪಕ್ಕ ಇದೆ ಅಂತ ನೋಡುವ ಆ ಮುಖವನ್ನು ನಾನು ಅಣಕಿಸಲಾರೆ. ಒಂದು ಸಲ ನನ್ನ ಮಿಮಿಕ್ರಿಯಿಂದ ಕೆಟ್ಟದ್ದನ್ನು ಇನ್ನೊಂದು ಮಿಮಿಕ್ರಿಯಿಂದ ಸರಿಮಾಡುವುದು ಬೇಡ ಅನ್ನಿಸಿತು. ನನ್ನ ಸ್ವಂತ ದನಿಯಲ್ಲೇ ಫೋನ್ ಮಾಡಿದೆ. ಅದು ನನಗೆ ಅಭ್ಯಾಸವಿಲ್ಲದ ದನಿ, ಸ್ವಲ್ಪ ಕೀರಲು.

"ಬ್ರೋ, ಒಂದು ಸಂದೇಹ. ಎಡಪಕ್ಕದ ಕೋಣೆ, ಬಲಪಕ್ಕದ ಕೋಣೆ, ಎರಡೂ ಒಂದೇನಾ?"

"ನಾನು ಆಗಿನಿಂದ ಹೇಳ್ತಾ ಇರೋದು ಅದೇ ಬ್ರೋ. ಎಲ್ಲಾಂ ಒಣ್ಣುದಾನ್."

"ಅಳತೆ?"

"ಒಣ್ಣುದಾನ್."

"ಬೆಲೆ, ಕಿಟಕಿ, ಡೆಕ್ಕು?"

"ಎಲ್ಲಾಂ."

"ಹಾಗಾದ್ರೆ ಆ ಜೋಡಿಗೆ ನಮ್ಮದು ಕೊಟ್ಟು ಅವರದನ್ನ ನಮಗೆ ಕೊಡು. ಅವರಿಗೂ ಒಂದೇ, ನಿಂಗೂ ಒಂದೇ. ಇಡೀ ಹಡಗಿನಲ್ಲಿ ಒಬ್ಬ ಮಾಮಿಗೆ ಮಾತ್ರ ಅದು ಎರಡು."

ಅವನ ಪಲ್ಲವಿ ಅವನ ಕುತ್ತಿಗೆಗೇ ಸುತ್ತಿಕೊಂಡಿತ್ತು. ನಾನು ಮುಂದುವರಿಸಿದೆ: ಅವರನ್ನು ಕೇಳು, ಅವರಿಗೆ ಆ ಹಿಡಿ ಬೇಕಿದ್ದರೆ ನಾವು ಬರುವುದಿಲ್ಲ, ಬಿಡು. ಬೇಡವಾದರೆ, ಹನಿಮೂನಿಗೆ ಬಂದವರಿಗೆ ಬಚ್ಚಲಿನ ಹಿಡಿ ಎಡಕ್ಕಿದ್ದರೇನು ಬಲಕ್ಕಿದ್ದರೇನು. ಅವನು ಮೊದಲ ಸಲ ಪಲ್ಲವಿ ಬಿಟ್ಟು ನಿಜವಾಗಿ ನಕ್ಕ. "ಸಿಸ್ಟಂನಲ್ಲಿ ನೋಡ್ತೀನಿ" ಅಂದ. ನೋಡಿದ. ಸಂಜೆ ಹೊತ್ತಿಗೆ ಆ ಜೋಡಿ ಒಪ್ಪಿತಂತೆ, ಕೋಣೆ ಬದಲಾಯಿತಂತೆ. ಈ ಎರಡು "ಅಂತೆ"ಗಳ ಮೇಲೆ ನನಗೆ ನಂಬಿಕೆ ಇರಲಿಲ್ಲ. ಕಮೋಡಿನ ಮೇಲೆ ಕೂತು, ಕೂತವರ ಕಣ್ಣಿಗೆ ಕಾಣುವ ಹಾಗೆ ಫೋಟೋ ತೆಗೆಸಿ ಕಳಿಸು ಅಂದೆ. ಬಂತು. ಹಿಡಿ ಬಲಕ್ಕಿತ್ತು. ಫೋಟೋವನ್ನೇ ಮಗುಚಿ ಕಳಿಸಿದ್ದರೆ ಅಂತ, ಬಾಗಿಲ ಹಿಂದಿನ ಎಚ್ಚರಿಕೆ ಫಲಕದ ಅಕ್ಷರ ದೊಡ್ಡದು ಮಾಡಿ ನೋಡಿದೆ. ಅಕ್ಷರಗಳು ನೆಟ್ಟಗಿದ್ದವು.

ಮಾಮಿ ಹೋಗುತ್ತಾರೆ ಅಂತ ಗೊತ್ತಾದ ಮೇಲೆ ಅವರ ಭಜನೆಯ ಬಳಗದ ಇನ್ನೂ ಕೆಲವರು, ಕೋಲಿನವರು, ಮಂಡಿ ಬದಲಾಯಿಸಿಕೊಂಡವರು, ಜೊತೆ ಸೇರಿಕೊಂಡರು. ನೋಡಿಕೊಳ್ಳಲು ಮೇಡಂ ನನ್ನನ್ನೂ ಕಳಿಸಿದರು.

ಹತ್ತುವ ದಿನ ಹಡಗಿಗೆ ಹಾಕಿದ ಸೇತುವೆಯ ಕೊನೆಯಲ್ಲಿ ಒಂದು ಸಣ್ಣ ಏರು ಇತ್ತು, ನಾಲ್ಕು ಬೆರಳಿನಷ್ಟು. ಅದನ್ನು ನಾನು ನೋಡಿರಲಿಲ್ಲ. ಏಜೆಂಟರನ್ನು ಹತ್ತಿಸಿದ್ದು ಬೇರೆ ಬಾಗಿಲಿನಿಂದ. ಇಬ್ಬರು ಗಟ್ಟಿಮುಟ್ಟಾದ ಹುಡುಗರು ನಗುತ್ತಾ ಓಡಿಬಂದು ಕುರ್ಚಿಯ ಎರಡು ಪಕ್ಕ ಬಗ್ಗಿದರು.

"ಕೈ ಎಡುಪ್ಪಾ" ಅಂದರು ಮಾಮಿ. ಕೈ ತೆಗೆಯಪ್ಪಾ. ದನಿ ಏರಿಸಲಿಲ್ಲ. ಹುಡುಗರಿಗೆ ತಮಿಳು ಬರುತ್ತಿರಲಿಲ್ಲ, ಆದರೂ ಕೈ ತೆಗೆದರು.

ನಾನು ಕುರ್ಚಿಯನ್ನು ಹಿಂದು ಮುಂದಾಗಿ ತಿರುಗಿಸಿ, ದೊಡ್ಡ ಚಕ್ರಗಳನ್ನು ಮೊದಲು ಏರಿಗೆ ತಾಗಿಸಿ, ಹಿಂದಕ್ಕೆ ಎಳೆದೆ. ಮಾಮಿ ಬಲಗೈಯಿಂದ ತಾವೂ ಬಳೆ ತಳ್ಳಿದರು. ಚಕ್ರ ಹತ್ತಿತು. ಮಾಮಿ ಚೆನ್ನೈಯನ್ನು ನೋಡುತ್ತಾ ಹಡಗಿನೊಳಗೆ ಹೋದರು. ಮಾಮ ಎತ್ತಲು ಅಂತ ಮುಂದೆ ಚಾಚಿದ್ದ ಎರಡು ಕೈಯನ್ನು ಎಲ್ಲಿಡಬೇಕು ಅಂತ ತಿಳಿಯದೆ ಹಿಂದೆ ಬಂದರು.

ಕೋಣೆಗೆ ನಾನು ಮೊದಲು ನುಗ್ಗಿ, ಕಮೋಡಿನ ಮೇಲೆ ಕೂತು, ನಿಜವಾದ ಬಲಗೈ ಚಾಚಿದೆ. ಸಿಕ್ಕಿತು. ದಾರ ನೆಲದತನಕ ಇತ್ತು. ಹೊರಗೆ ಬಂದು ದಾರಿ ಬಿಟ್ಟೆ. ಮಾಮಿ ವಾಕರ್ ಹಿಡಿದು, ಎಡಗಾಲನ್ನು ಅರ್ಧವೃತ್ತ ಎಳೆದು, ಒಳಗೆ ಹೋದರು. ಬಾಗಿಲು ಮುಚ್ಚಿತು. ಚಿಲಕ ಬಿತ್ತು.

ಮಾಮನಿಗೆ ಚಿಲಕ ಹಿಡಿಸಲಿಲ್ಲ. "ಚಿಲಕ ಯಾಕೆ ಹಾಕ್ಕೊಂಡೆ?" ಅಂತ ಕೇಳಿದರು. ನೆಲ ನಿಧಾನವಾಗಿ ನಡುಗತೊಡಗಿತು, ಹಡಗು ಹೊರಟಿತ್ತು. ಡೆಕ್ಕಿನ ಮೇಲೆ ಎಲ್ಲರೂ ಕೂಗುತ್ತಾ ಕೈ ಬೀಸುವ ಗದ್ದಲ ಕೇಳಿಸುತ್ತಿತ್ತು. "ನೀವು ಮೇಲೆ ಹೋಗಿ ನೋಡಿ ಮಾಮ, ನಾನಿಲ್ಲೇ ಇರ್ತೀನಿ" ಅಂದೆ. ಅವರು ಹೋಗಲಿಲ್ಲ. ನಾನೂ ಹೋಗಲಿಲ್ಲ. ಬಾಗಿಲಿಗೆ ಕಿವಿ ಕೊಟ್ಟು ನಿಂತ ಇಬ್ಬರು ಗಂಡಸರನ್ನು ಆ ಮೇಲ್ವಿಚಾರಕಿ ತೆರೆದ ಕೋಣೆಯ ಹೊರಗಿನಿಂದ ನೋಡಿಕೊಂಡೇ ಹೋದಳು. ಬಹಳ ಹೊತ್ತಾಯಿತು. ಮಾಮ ತಟ್ಟಲು ಕೈ ಎತ್ತಿದರು, ಇಳಿಸಿದರು.

ನೀರಿನ ಸದ್ದು. ನಲ್ಲಿಯ ಸದ್ದು. ಚಿಲಕ ತೆಗೆದ ಸದ್ದು.

ಮಾಮಿ ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ನೋಡಿದರು. "ಏನು, ಬ್ಯಾಂಕಿಗೆ ಕಾವಲಾ?" ಮಂಚದ ಅಂಚಿಗೆ ಬಂದು ಕೂತು, ಸೆರಗು ಸರಿಮಾಡಿಕೊಂಡು, ಮಾಮನಿಗೆ ಹೇಳಿದರು, "ಹೋಗಿ ಕಾಫಿ ತಗೊಂಡು ಬನ್ನಿ. ದೊಡ್ಡ ಲೋಟ."

"ನೀನು ಹೊರಗಡೆ ಕಾಫಿ ಕುಡಿಯಲ್ವಲ್ಲ?"

"ಯಾಕೆ ಕುಡಿಯಲ್ಲ ಅಂತ ಯಾವತ್ತಾದ್ರೂ ಕೇಳಿದೀರಾ? ಕುಡಿದ್ರೆ ಹೋಗ್ಬೇಕಾಗತ್ತೆ. ಹೋಗ್ಬೇಕಾದ್ರೆ ನಿಮ್ಮನ್ನ ಕರೀಬೇಕು. ಮನೆ ಬಿಟ್ಟ ಮೇಲೆ ನಾನು ನೀರು ಕೂಡ ಮುಟ್ಟಲ್ಲ, ಇಷ್ಟು ವರ್ಷದಿಂದ."

ಮಾಮ ನನ್ನ ಮುಖ ನೋಡಿದರು. ಅಲ್ಲಿ ಏನೂ ಸಿಗದೆ ಹೊರಗೆ ಹೋದರು. ಎರಡು ಲೋಟ ಹಿಡಿದುಕೊಂಡು ಬಂದರು, ಒಂದು ಮಾಮಿಗೆ, ಒಂದು ತಮಗೆ. ಮಾಮಿ ಕಿಟಕಿಯ ಕಡೆ ತಿರುಗಿ ಮೊದಲನೆಯದನ್ನು ಮುಗಿಸಿ ಲೋಟ ಕೊಟ್ಟರು, ಬಲಗೈ ಚಾಚಿ ಎರಡನೆಯದನ್ನೂ ತೆಗೆದುಕೊಂಡರು.